ಟೀಚರ್ ಎಂದು ಕರೆಯುತ್ತೇವೆ, ಟೀಚರ್ ಎಂದು ಒಪ್ಪುವುದಿಲ್ಲ

ಹೊಸಪೇಟೆಯ ಓಣಿಗಳಲ್ಲಿ, ಕಂಪ್ಲಿಯ ಗದ್ದೆ ಬಯಲಿನ ಊರುಗಳಲ್ಲಿ, ಸಂಡೂರಿನ ಕೆಂಪು ಧೂಳಿನ ತಾಂಡಾಗಳಲ್ಲಿ ಮೂರು ವರ್ಷದ ಮಗುವಿಗೂ ಗೊತ್ತಿರುವ ಒಂದು ಸಂಗತಿ ನಮ್ಮ ಸರಕಾರಗಳಿಗೆ ಗೊತ್ತಿಲ್ಲ. ಅಂಗನವಾಡಿಯಲ್ಲಿರುವ ಹೆಣ್ಣುಮಗಳು ಟೀಚರ್ ಎಂಬುದೇ ಆ ಸಂಗತಿ. ಮಗು ಅವಳನ್ನು ಟೀಚರ್ ಎನ್ನುತ್ತದೆ, ತಾಯಿ ಟೀಚರ್ ಎನ್ನುತ್ತಾಳೆ, ಊರೂ ಹಾಗೆಯೇ ಕರೆಯುತ್ತದೆ. ಆದರೆ ಸರಕಾರದ ಕಡತದಲ್ಲಿ ಆಕೆ ‘ಕಾರ್ಯಕರ್ತೆ’. ಆಕೆಗೆ ಇರುವುದು ಸಂಬಳವಲ್ಲ, ಗೌರವಧನ. ಯಾರಿಗೆ ಗೌರವ ಕೊಡಲು ಮನಸ್ಸಿಲ್ಲವೋ ಅವರಿಗೆ ಗೌರವಧನ ಕೊಟ್ಟು ಕೈ ತೊಳೆದುಕೊಳ್ಳುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ.

1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆ ಆರಂಭವಾಯಿತು. ಕರ್ನಾಟಕದಲ್ಲಿ ಅದು ಮೊದಲು ಕಾಲಿಟ್ಟದ್ದು ಟಿ. ನರಸೀಪುರದಲ್ಲಿ. 2025ಕ್ಕೆ ಐವತ್ತು ವರ್ಷ ತುಂಬಿತು. ಪೂರಕ ಆಹಾರ, ಶಾಲಾಪೂರ್ವ ಶಿಕ್ಷಣ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ತಾಯಂದಿರಿಗೆ ತಿಳಿವಳಿಕೆ, ಆಸ್ಪತ್ರೆಗೆ ಕಳಿಸುವುದು - ಈ ಆರೂ ಸೇವೆಗಳ ಭಾರ ಬಿದ್ದದ್ದು ಒಬ್ಬಳೇ ಹೆಣ್ಣಿನ ಮತ್ತು ಅವಳ ಸಹಾಯಕಿಯ ಹೆಗಲಿಗೆ. ಅರ್ಧ ಶತಮಾನ ಕಳೆದರೂ ಈ ಕೆಲಸ ‘ಸ್ವಯಂಸೇವೆ’ಯಾಗಿಯೇ ಉಳಿದಿದೆ. ಐವತ್ತು ವರ್ಷ ಎಡೆಬಿಡದೆ ನಡೆಯುವ ಸ್ವಯಂಸೇವೆ ಎಂಥದ್ದು? ಅದಕ್ಕೆ ಬಿಟ್ಟಿ ದುಡಿಮೆ ಎಂಬ ಬೇರೆ ಹೆಸರಿದೆ.

ಆಕೆಯ ಒಂದು ದಿನವನ್ನು ನೋಡಿ. ಬೆಳಗ್ಗೆ ಬಾಗಿಲು ತೆರೆದು ಕಸ ಗುಡಿಸುವುದರಿಂದ ಹಿಡಿದು ಹಾಲಿನ ಪುಡಿ ಕಲಸುವುದು, ಮೊಟ್ಟೆ ಲೆಕ್ಕ ಹಾಕುವುದು, ಅಳುವ ಮಗುವನ್ನು ಸೊಂಟಕ್ಕೇರಿಸಿಕೊಂಡೇ ಉಳಿದ ಮಕ್ಕಳಿಗೆ ಹಾಡು ಹೇಳಿಸುವುದು ಎಲ್ಲವೂ ಆಕೆಯದೇ. ‘ಚಿಲಿಪಿಲಿ’ ಪುಸ್ತಕದ ಚಟುವಟಿಕೆ ಮಾಡಿಸಬೇಕು. ಮಗುವಿನ ತೂಕ ನೋಡಬೇಕು. 2017ರ ಅಕ್ಟೋಬರಿನಲ್ಲಿ ‘ಮಾತೃಪೂರ್ಣ’ ಬಂದ ಮೇಲೆ ಗರ್ಭಿಣಿ, ಬಾಣಂತಿಯರ ಊಟವೂ ಸೇರಿತು. 2021ರಲ್ಲಿ ‘ಪೋಷಣ್ ಟ್ರ್ಯಾಕರ್’ ಬಂತು. ಮಗು ಉಂಡದ್ದು ಹೊಟ್ಟೆಗೆ ಸೇರಿದರೆ ಸಾಲದು, ಮೊಬೈಲಿಗೂ ಸೇರಬೇಕು. 2025ರಿಂದ ಮನೆಗೆ ಒಯ್ಯುವ ಆಹಾರಕ್ಕೆ ಫಲಾನುಭವಿಯ ಮುಖವನ್ನೂ ಕ್ಯಾಮರಾ ಗುರುತು ಹಿಡಿಯಬೇಕಾಯಿತು. ಗುಡ್ಡದ ಮರೆಯಲ್ಲಿ ಸಿಗ್ನಲ್ ಸಿಗದಿದ್ದರೆ ತಪ್ಪು ಯಾರದ್ದು? ಟೀಚರಮ್ಮನದೇ! ಇವುಗಳ ನಡುವೆ ಮತದಾರರ ಪಟ್ಟಿ, ಸಮೀಕ್ಷೆ, ಸಭೆ. ಕೊರೊನಾ ಕಾಲದಲ್ಲಿ ಮನೆ ಮನೆಯ ಬಾಗಿಲು ತಟ್ಟಿದವಳೂ ಈಕೆಯೇ. ಕಲಿಸುವುದಕ್ಕೆ ಉಳಿಯುವ ಸಮಯ ಎಷ್ಟು ಎಂದು ಯಾವ ಅಧಿಕಾರಿಯೂ ಕೇಳುವುದಿಲ್ಲ. ಆಮೇಲೆ ನಾವೇ ‘ಅಂಗನವಾಡಿಯಲ್ಲಿ ಏನು ಕಲಿಸುತ್ತಾರೆ, ಬರೀ ಉಪ್ಪಿಟ್ಟು’ ಎಂದು ಮೂಗು ಮುರಿಯುತ್ತೇವೆ.

ನ್ಯಾಯಾಲಯಕ್ಕೆ ಹೋದರೇನಾಯಿತು? ಈ ದೇಶದ ಲಕ್ಷಾಂತರ ಅಂಗನವಾಡಿ ಹೆಣ್ಣುಮಕ್ಕಳ ಹಣೆಬರಹವನ್ನು ಬರೆದ ತೀರ್ಪಿನಲ್ಲಿ ಇರುವುದು ಕರ್ನಾಟಕದ ಒಬ್ಬ ಮುಸ್ಲಿಂ ಮಹಿಳೆಯ ಹೆಸರು. ‘ಕರ್ನಾಟಕ ರಾಜ್ಯ ಮತ್ತು ಅಮೀರ್‌ಬಿ’ ಪ್ರಕರಣದಲ್ಲಿ 2006ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್, ಅಂಗನವಾಡಿ ಕಾರ್ಯಕರ್ತೆಯರದ್ದು ಸರಕಾರಿ ಹುದ್ದೆಯಲ್ಲ ಎಂದು ಹೇಳಿತು. ನಮ್ಮ ಸಮುದಾಯದ ಹೆಣ್ಣುಮಕ್ಕಳು ಹೊಸಿಲು ದಾಟುವುದಿಲ್ಲ ಎಂದು ಪುಟಗಟ್ಟಲೆ ಬರೆಯುವವರು ಅಮೀರ್‌ಬಿಯ ಹೆಸರನ್ನು ಒಮ್ಮೆ ಓದಲಿ. ಆಕೆ ಹೊಸಿಲು ದಾಟಿದ್ದಳು, ದುಡಿದಿದ್ದಳು. ಆಕೆಗೆ ಎದುರಾಗಿ ನಿಂತದ್ದು ಸಾಕ್ಷಾತ್ ಸರಕಾರ.

ಹದಿನೈದು ವರ್ಷಗಳ ಬಳಿಕ, 2022ರ ಏಪ್ರಿಲಿನಲ್ಲಿ, ಗುಜರಾತಿನ ಮಣಿಬೆನ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ಇವರಿಗೆ ಗ್ರಾಚ್ಯುಟಿಯ ಹಕ್ಕು ಇದೆಯೆಂದಿತು. ಇವರದ್ದು ಅರೆಕಾಲಿಕ ಕೆಲಸ ಎಂಬ ವಾದವನ್ನು ಒಪ್ಪಲಿಲ್ಲ. ಒಂದು ಬಾಗಿಲು ತೆರೆಯಿತು, ನಿಜ. ಆದರೆ ನಿವೃತ್ತಿಯ ದಿನ ಕೆಲಸಗಾರ್ತಿ ಎಂದು ಒಪ್ಪಿ, ಅದಕ್ಕೂ ಮುಂಚಿನ ಮೂವತ್ತು ವರ್ಷ ಸ್ವಯಂಸೇವಕಿ ಎನ್ನುವುದು ಯಾವ ಸೀಮೆಯ ನ್ಯಾಯ?

ಇದರ ಬೇರು ಇನ್ನೂ ಆಳದಲ್ಲಿದೆ. 2002ರ ಸಂವಿಧಾನ ತಿದ್ದುಪಡಿ ಆರರಿಂದ ಹದಿನಾಲ್ಕು ವರ್ಷದ ಮಕ್ಕಳ ಶಿಕ್ಷಣವನ್ನು ಮೂಲಭೂತ ಹಕ್ಕಾಗಿಸಿತು. ಆರರೊಳಗಿನ ಮಕ್ಕಳನ್ನು ಮಾತ್ರ 45ನೇ ವಿಧಿಯಲ್ಲಿ, ನಿರ್ದೇಶಕ ತತ್ವಗಳ ಅಟ್ಟದಲ್ಲೇ ಬಿಟ್ಟಿತು. ಪುಟ್ಟ ಮಗುವಿಗೆ ಕಲಿಯುವ ಹಕ್ಕಿಲ್ಲ, ಆದ್ದರಿಂದ ಅದಕ್ಕೆ ಕಲಿಸುವವಳಿಗೆ ಹುದ್ದೆಯಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಮೂರನೇ ವರ್ಷದಿಂದಲೇ ಕಲಿಕೆಯ ಬುನಾದಿ ಎಂದು ಬಾಯ್ತುಂಬ ಹೇಳಿತು. ಬುನಾದಿಗೆ ಕಲ್ಲು ಹೊರುವವಳ ಕೂಲಿಯ ಮಾತು ಬಂದಾಗ ಎಲ್ಲರೂ ಮೌನ.

ಹಣವಿಲ್ಲ ಎನ್ನುತ್ತಾರೆ. ಇರಲಿ, ಲೆಕ್ಕವನ್ನೇ ನೋಡೋಣ. ಕೇಂದ್ರ ಸರಕಾರ 2018ರ ಅಕ್ಟೋಬರಿನಿಂದ ಗೌರವಧನವನ್ನು 3,000ದಿಂದ 4,500 ರೂಪಾಯಿಗೆ ಏರಿಸಿತು. 2025ರಲ್ಲೂ ಅದೇ 4,500. ಅಂದರೆ ದಿನಕ್ಕೆ 150 ರೂಪಾಯಿ. ನಮ್ಮ ಹಂಪಿಯ ಕಲ್ಲಿನ ರಥವಿರುವ ಐವತ್ತರ ಮೂರು ನೋಟು! ಉಳಿದದ್ದನ್ನು ರಾಜ್ಯ ತುಂಬಬೇಕು. 2025ರ ರಾಜ್ಯ ಬಜೆಟ್ ಕಾರ್ಯಕರ್ತೆಗೆ 1,000, ಸಹಾಯಕಿಗೆ 750 ರೂಪಾಯಿ ಹೆಚ್ಚಿಸಿತು. ಇಂಥ ಪ್ರತಿ ರೂಪಾಯಿಯ ಹಿಂದೆ ಬೀದಿಯಲ್ಲಿ ಮಲಗಿದ ರಾತ್ರಿಗಳಿವೆ. 2017ರ ಮಾರ್ಚಿನಲ್ಲಿ ಸಾವಿರಾರು ಹೆಣ್ಣುಮಕ್ಕಳು ಬೆಂಗಳೂರಿನ ರಸ್ತೆಯಲ್ಲೇ ಹಗಲಿರುಳು ಕಳೆದದ್ದನ್ನು ಮರೆಯಲಾದೀತೆ?

ಸಂಡೂರಿನ ಗುಡ್ಡಗಳನ್ನು ಬಗೆದು ಒಯ್ದ ಅದಿರಿನ ಕಥೆ 2011ರ ಲೋಕಾಯುಕ್ತ ವರದಿಯಲ್ಲಿದೆ. 2015ರ ಕಾನೂನಿನಂತೆ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನದ ಹಣವನ್ನು ಗಣಿ ಬಾಧಿತ ಊರಿನ ಆರೋಗ್ಯ, ಶಿಕ್ಷಣ, ಮಹಿಳೆ ಮತ್ತು ಮಕ್ಕಳಿಗೆ ಮೊದಲು ಖರ್ಚು ಮಾಡಬೇಕು. ಹಾಳಾದ ನೆಲದ ಪುನಶ್ಚೇತನಕ್ಕೆಂದು ಸಾವಿರಾರು ಕೋಟಿ ರೂಪಾಯಿ ಬೇರೆಯೇ ಇದೆ. ಧೂಳು ಕುಡಿದ ಮಗುವಿನ ಹೆಸರಿನಲ್ಲಿ ಬಂದ ಹಣ ಆ ಮಗು ಕೂರುವ ಕೋಣೆಗೆ ಮೊದಲು ತಲುಪಬೇಡವೆ?

2024ರಲ್ಲಿ ಕಲ್ಯಾಣ ಕರ್ನಾಟಕದ ಸರಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯಲು ಹೊರಟಾಗ ಅಂಗನವಾಡಿಯವರು ಮತ್ತೆ ಬೀದಿಗಿಳಿದರು. ಅವರು ಇಂಗ್ಲಿಷ್‌ಗೆ ವಿರೋಧಿಗಳಾಗಿರಲಿಲ್ಲ. ತಮ್ಮ ಅಂಗಳದ ಮಕ್ಕಳನ್ನೇ ಪಕ್ಕದ ಕಟ್ಟಡಕ್ಕೆ ಕರೆದೊಯ್ದರೆ ಅಂಗನವಾಡಿ ಉಳಿಯುವುದು ಹೇಗೆ ಎಂಬುದು ಅವರ ಪ್ರಶ್ನೆಯಾಗಿತ್ತು. ತರಬೇತಿ ಕೊಟ್ಟು ಅವರಿಂದಲೇ ಕಲಿಸಬಹುದು ಎಂದು ಸರಕಾರಕ್ಕೆ ಹೊಳೆಯಲು ಹೋರಾಟವೇ ಬೇಕಾಯಿತು.

ಸರಕಾರವನ್ನು ಬೈದು ನಾವು ಪಾರಾಗುವಂತಿಲ್ಲ. ಸಾಲ ಮಾಡಿಯಾದರೂ ಮಗುವನ್ನು ‘ಕಾನ್ವೆಂಟಿ’ಗೆ ಹಾಕಿ ಟೈ ಕಟ್ಟಿಸುವ ಚಟ ಹಿಂದೂ ಓಣಿಯಲ್ಲೂ ಇದೆ, ಮುಸ್ಲಿಂ ಮೊಹಲ್ಲಾದಲ್ಲೂ ಇದೆ. ನಾವು ಕಳಚಿಕೊಂಡ ಮೇಲೆ ಅಂಗನವಾಡಿಯಲ್ಲಿ ಉಳಿದವರು ಗಣಿ ಕೂಲಿಯವರ, ನಾಟಿ ಹಚ್ಚುವವರ ಮಕ್ಕಳು. ಬಡವರ ಮಕ್ಕಳು ಮಾತ್ರ ಹೋಗುವ ಜಾಗದ ಬಾಡಿಗೆ ಕೋಣೆ ಸೋರಿದರೆ ಯಾರಿಗೆ ಕೇಳಿಸೀತು? ಮನೆಯಲ್ಲಿ ಉರ್ದು, ಲಂಬಾಣಿ, ತೆಲುಗು ಆಡುವ ಮಕ್ಕಳು ಒಂದೇ ಚಾಪೆಯಲ್ಲಿ ಕೂತು, ಒಂದೇ ಪಾತ್ರೆಯ ಅನ್ನ ಉಂಡು, ಕನ್ನಡ ಕಲಿಯುವ ಜಾಗ ಈ ಸೀಮೆಯಲ್ಲಿ ಬೇರೆ ಎಷ್ಟಿದೆ? ಸೌಹಾರ್ದದ ಬಗ್ಗೆ ವೇದಿಕೆ ಹಾಕಿ ಭಾಷಣ ಮಾಡುವ ನಾವು ಅದು ದಿನವೂ ನಡೆಯುವ ಕೋಣೆಯೊಳಗೆ ಇಣುಕಿಯೂ ನೋಡಿಲ್ಲ.

ಬೇಡಿಕೆ ದೊಡ್ಡದೇನಲ್ಲ. ಆಕೆಯನ್ನು ಶಿಕ್ಷಕಿ ಎಂದು ಕಾನೂನಿನಲ್ಲಿ ಬರೆಯಿರಿ. ಆ ಹೆಸರಿಗೆ ತಕ್ಕ ವೇತನ, ಪಿಂಚಣಿ ಕೊಡಿ. ಪಾಠದ ಹೊತ್ತಿನಲ್ಲಿ ಬೇರೆ ಇಲಾಖೆಯ ಚಾಕರಿ ಹೇರಬೇಡಿ. ಓದುಗರೇ, ನಿಮ್ಮ ಓಣಿಯ ಬಾಲವಿಕಾಸ ಸಮಿತಿಯಲ್ಲಿ ಯಾರಿದ್ದಾರೆಂದು ವಿಚಾರಿಸಿ. ಮೊಹಲ್ಲಾದಲ್ಲಿ ಖಾಲಿ ಬಿದ್ದ ಒಳ್ಳೆಯ ಕೋಣೆಯಿದ್ದರೆ ಹಿರಿಯರನ್ನು ಒಪ್ಪಿಸಿ ಕೇಂದ್ರಕ್ಕೆ ಬಿಟ್ಟುಕೊಡಿ. ಅವರು ಮುಂದಿನ ಸಲ ಧರಣಿ ಕೂತಾಗ ನೀರಿನ ಬಿಂದಿಗೆಯೊಂದಿಗೆ ಹೋಗಿ ಅವರ ಪಕ್ಕ ಕುಳಿತುಕೊಳ್ಳಿ. ಆ ದಿನ ಟೀಚರ್ ಎಂದು ಕರೆದರೆ ಆ ಮಾತಿಗೆ ಅರ್ಥವಿರುತ್ತದೆ.