ತೆಗೆದ ಸ್ನಾಯುರಜ್ಜು ಮರಳಿ ಬೆಳೆದಾಗ

ಕಬಡ್ಡಿಯಲ್ಲಿ ಮೊಣಕಾಲಿನೊಳಗಿನ ಅಸ್ಥಿಬಂಧ ಹರಿದ ಮಗನಿಗೆ, ಅವನದೇ ತೊಡೆಯ ಹಿಂಬದಿಯ ಸ್ನಾಯುರಜ್ಜುವನ್ನು ತೆಗೆದು ಕಸಿ ಮಾಡಿದ್ದಾರೆ. ತೆಗೆದ ಜಾಗ ಬರಿದಾಗಿಯೇ ಉಳಿಯುವುದೇ ಎಂದು ತಾಯಿಯೊಬ್ಬರು ಕೇಳಿದ್ದಾರೆ.

ಬಹುಮಟ್ಟಿಗೆ ಉಳಿಯುವುದಿಲ್ಲ. ಆ ರಜ್ಜು ಮರಳಿ ಬೆಳೆಯಬಲ್ಲದೆಂದು 1992ರಲ್ಲಿ ಆಸ್ಟ್ರೇಲಿಯಾದ ವೈದ್ಯರು ಎಂ.ಆರ್.ಐ. ಚಿತ್ರಗಳಿಂದ ತೋರಿಸಿದರು. ಹಲ್ಲಿಯ ಬಾಲಕ್ಕೆ ಇದನ್ನು ಹೋಲಿಸುವುದುಂಟು. ಹೋಲಿಕೆ ಸೊಗಸಾಗಿದೆ, ಆದರೆ ಬೆಳೆದದ್ದು ಹಳೆಯದರ ಪಡಿಯಚ್ಚಲ್ಲ. ಅನೇಕರಲ್ಲಿ ಅದು ಮೊದಲಿಗಿಂತ ಮೇಲ್ಗಡೆಯೇ ಅಂಟಿಕೊಳ್ಳುತ್ತದೆ. ಅದರ ಸ್ನಾಯುವೂ ಮೋಟಾಗುತ್ತದೆ. ಬಾಗಿಲನ್ನು ತಿರುಗಣಿಯ ಸಮೀಪ ಹಿಡಿದು ಎಳೆದು ನೋಡಿರಿ: ಶ್ರಮ ಹೆಚ್ಚು, ಫಲ ಕಡಿಮೆ. ಮಂಡಿಯ ಸ್ಥಿತಿಯೂ ಅದೇ. ಸಾಧಾರಣ ನಡಿಗೆಯಲ್ಲಿ ಕೊರತೆ ಅಷ್ಟಾಗಿ ತಿಳಿಯದು. ಮಂಡಿಯನ್ನು 90 ಡಿಗ್ರಿಗೂ ಮಿಗಿಲಾಗಿ ಬಲದಿಂದ ಮಡಿಸುವಾಗ, ಕಾಲನ್ನು ಒಳಕ್ಕೆ ತಿರುಗಿಸುವಾಗ ತಿಳಿಯುತ್ತದೆ. ಕುಳ್ಳಿರಿಸಿ ಮಾಡುವ ಪರೀಕ್ಷೆಯಲ್ಲಿ ಇದು ಮರೆಯಾಗಬಹುದು. ಬೋರಲು ಮಲಗಿಸಿಯೂ ಪರೀಕ್ಷಿಸಿರೆಂದು ವೈದ್ಯರನ್ನು ಕೇಳಿರಿ.

ಮಂಡಿಯ ಕೆಳಗಿನ ಮೂಳೆ ಮುಂದಕ್ಕೆ ಜಾರದಂತೆ ಹಿಡಿದು ಕಸಿಯನ್ನು ಕಾಯುವ ಸ್ನಾಯುಗಳಲ್ಲಿ ಇದೂ ಒಂದು. ಆದುದರಿಂದ ನೋವಿಲ್ಲವೆಂದು 6 ತಿಂಗಳಿಗೇ ಮೈದಾನಕ್ಕೆ ಇಳಿಯುವುದು ಬೇಡ. ಕನಿಷ್ಠ 9 ತಿಂಗಳು ಕಳೆಯಲಿ. ಎರಡೂ ಕಾಲುಗಳ ಬಲವನ್ನು ಅಳೆಸಿ ಹೋಲಿಸಿದ ಮೇಲೆಯೇ ಆಡಲಿ.