ಸಕ್ಕರೆಯ ದ್ವೀಪ, ಕಾವೇರಿಯ ದ್ವೀಪ

ಶ್ರೀರಂಗಪಟ್ಟಣ ಒಂದು ದ್ವೀಪ. ಇದೇನು ಹೇಳುವ ಮಾತೇ ಅಂತ ನೀವನ್ನಬಹುದು. ಆದರೆ ನಮ್ಮಲ್ಲಿ ಎಷ್ಟೋ ಜನಕ್ಕೆ ಅದು ಕೋಟೆ, ಟಿಪ್ಪು, ರಂಗನಾಥಸ್ವಾಮಿ, ಪ್ರವಾಸದ ದಿನದ ಚಿತ್ರಾನ್ನ. ರೈಲು ಮೈಸೂರಿನ ಕಡೆ ಹೋಗುವಾಗ ಕಾವೇರಿಯನ್ನು ಎರಡು ಸಲ ದಾಟುತ್ತದೆ ಅನ್ನುವುದನ್ನು ಕಿಟಕಿ ಪಕ್ಕ ಕೂತವನೂ ಗಮನಿಸುವುದಿಲ್ಲ. ನದಿ ಮೇಲುಗಡೆ ಕವಲೊಡೆದು ಕೆಳಗೆ ಸಂಗಮದಲ್ಲಿ ಕೂಡುತ್ತದೆ. ನಡುವೆ ಉಳಿದ ಸಣ್ಣ ನೆಲ ಇದು. ಈ ನೆಲಕ್ಕಾಗಿ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಲಂಡನ್ನಿನವರು, ಪ್ಯಾರಿಸ್ಸಿನವರು, ಹೈದರಾಬಾದಿನವರು, ಮತ್ತೆ ನಾವು ಈಗ ಅನ್ನ ತಿನ್ನುತ್ತಿರುವ ಈ ಪುಣೆಯವರು, ಎಲ್ಲರೂ ಲೆಕ್ಕ ಹಾಕಿದ್ದಾರೆ.

ನಮ್ಮ ಸಂಘದಲ್ಲಿ ಈ ವಿಷಯ ಬಂದಾಗಲೆಲ್ಲ ಚರ್ಚೆ ಕ್ರಿಕೆಟ್ ಮ್ಯಾಚಿನ ಹಾಗೆ ಆಗುತ್ತದೆ. ಒಬ್ಬರು ಟಿಪ್ಪುವಿನ ಕಡೆ, ಇನ್ನೊಬ್ಬರು ಪೇಶ್ವೆಯ ಕಡೆ. ಮೂರನೆಯವರೊಬ್ಬರು ಎದ್ದು "ಫ್ರೆಂಚರು ಸ್ವಲ್ಪ ಹೆಚ್ಚು ಸಹಾಯ ಮಾಡಿದ್ದರೆ ಇಂಗ್ಲಿಷರು ಆವತ್ತೇ ಗಂಟು ಕಟ್ಟುತ್ತಿದ್ದರು ನೋಡ್ರಿ" ಅನ್ನುತ್ತಾರೆ. ನನ್ನ ತಕರಾರು ಮುಖ್ಯವಾಗಿ ಈ ಮೂರನೆಯವರ ಜೊತೆ.

ಇವರಿಗೆ ಒಂದು ಬೇರೆ ದ್ವೀಪದ ಕಥೆ ಹೇಳಬೇಕು. ಅಮೆರಿಕದ ಪಕ್ಕದ ಕೆರಿಬಿಯನ್ ಸಮುದ್ರದಲ್ಲಿ ಸೇಂಟ್ ಕಿಟ್ಸ್ ಅಂತ ಒಂದು ಪುಟ್ಟ ದ್ವೀಪವಿದೆ. ಅಲ್ಲಿನ ಮೂಲ ಜನ ಕಲಿನಾಗೊಗಳು. ಅವರು ಅದನ್ನು ಕರೆಯುತ್ತಿದ್ದದ್ದು ಲಿಯಾಮುಯಿಗ ಅಂತ, ಫಲವತ್ತಾದ ನೆಲ ಅಂತ ಅರ್ಥ. 1624ರಲ್ಲಿ ಥಾಮಸ್ ವಾರ್ನರ್ ಎಂಬ ಇಂಗ್ಲಿಷಿನವನು ಬಂದು ಇಳಿದ. ಮರುವರ್ಷ ದೆಸ್ನಾಂಬ್ಯುಕ್ ಎಂಬ ಫ್ರೆಂಚಿನವನು ಬಂದ. ಇಬ್ಬರೂ ಹೊಡೆದಾಡಿದರೆ? ಇಲ್ಲ. ಮೊದಲು ಇಬ್ಬರೂ ಸೇರಿ 1626ರಲ್ಲಿ ಕಲಿನಾಗೊಗಳನ್ನು ಕೊಂದರು. ಆ ಜಾಗಕ್ಕೆ ಈಗಲೂ ಇಂಗ್ಲಿಷಿನಲ್ಲಿ ರಕ್ತದ ಹೆಸರೇ ಇದೆ. ಆಮೇಲೆ ಹೋಳಿಗೆ ಹಂಚಿದ ಹಾಗೆ ದ್ವೀಪ ಹಂಚಿಕೊಂಡರು: ಎರಡು ತುದಿ ಫ್ರೆಂಚರಿಗೆ, ನಡುವಿನದು ಇಂಗ್ಲಿಷರಿಗೆ. ಹೊಡೆದಾಟ ಶುರುವಾದದ್ದು ನಂತರ. ಒಮ್ಮೆ ಅವರು ಇವರ ಹೊಲ ಸುಟ್ಟರು, ಒಮ್ಮೆ ಇವರು ಅವರದ್ದು. 1713ರ ಯುಟ್ರೆಕ್ಟ್ ಒಪ್ಪಂದದಲ್ಲಿ ಇಡೀ ದ್ವೀಪ ಇಂಗ್ಲಿಷರಿಗೆ ಬಂತು. ಕಬ್ಬು ಬೆಳೆಯಲು ಆಫ್ರಿಕದಿಂದ ಗುಲಾಮರನ್ನು ಹಡಗುಗಳಲ್ಲಿ ತುಂಬಿ ತಂದದ್ದು ಇಬ್ಬರೂ. ಆ ವಿಷಯದಲ್ಲಿ ಭಿನ್ನಾಭಿಪ್ರಾಯ ಇರಲೇ ಇಲ್ಲ. ಇಂಗ್ಲಿಷ್ ಮಾತಾಡುವ ಆ ದೇಶ 1983ರಲ್ಲಿ ಸ್ವತಂತ್ರವಾಯಿತು, ರಾಜಧಾನಿಯ ಹೆಸರು ಮಾತ್ರ ಇವತ್ತಿಗೂ ಫ್ರೆಂಚ್: ಬಾಸ್‌ಟೆರ್. ಲಿಯಾಮುಯಿಗ ಎಂಬ ಹೆಸರು ಒಂದು ಬೆಟ್ಟಕ್ಕೆ ಉಳಿದಿದೆ.

ಇದಕ್ಕೂ ನಮಗೂ ಏನು ಸಂಬಂಧ ಅಂತೀರಾ? 1782ರಲ್ಲಿ ಫ್ರೆಂಚರು ಮತ್ತೆ ಆ ದ್ವೀಪಕ್ಕೆ ಮುತ್ತಿಗೆ ಹಾಕಿ ಗೆದ್ದರು. ಅದೇ ಯುದ್ಧ ಇಲ್ಲಿ ಕಡಲೂರಿನಲ್ಲಿ, ಮಂಗಳೂರಿನಲ್ಲಿಯೂ ನಡೆಯುತ್ತಿತ್ತು. ಹೈದರಾಲಿ 1782ರ ಡಿಸೆಂಬರಿನಲ್ಲಿ ತೀರಿಕೊಂಡ. ಟಿಪ್ಪು 1783ರ ಮೇ ತಿಂಗಳಲ್ಲಿ ಮಂಗಳೂರಿನ ಕೋಟೆಗೆ ಮುತ್ತಿಗೆ ಹಾಕಿದ; ಒಳಗೆ ಕರ್ನಲ್ ಕ್ಯಾಂಪ್‌ಬೆಲ್, ಹೊರಗೆ ಮೈಸೂರಿನ ಸೈನ್ಯದ ಜೊತೆ ಒಂದು ಫ್ರೆಂಚ್ ತುಕಡಿ. ಮಳೆಗಾಲ. ಗೋಡೆ ಬೀಳುವುದರಲ್ಲಿತ್ತು. ಅಷ್ಟರಲ್ಲಿ ಯುರೋಪಿನಲ್ಲಿ ರಾಜಿಯಾಗಿದೆ ಅನ್ನುವ ಸುದ್ದಿ ಹಡಗಿನಲ್ಲಿ ಬಂತು. ಫ್ರೆಂಚ್ ತುಕಡಿ ತಾನಿನ್ನು ಹೋರಾಡುವುದಿಲ್ಲ ಎಂದು ಹಿಂದೆ ಸರಿಯಿತು. ಟಿಪ್ಪುವಿಗೆ ಬಂದ ಸಿಟ್ಟನ್ನು ನೀವೇ ಊಹಿಸಿಕೊಳ್ಳಿ.

ಆ ರಾಜಿಯ ಕಾಗದದಲ್ಲಿ ಏನಿತ್ತು? ಸೇಂಟ್ ಕಿಟ್ಸ್ ಇಂಗ್ಲಿಷರಿಗೆ ವಾಪಸ್ಸು. ಟೊಬೆಗೊ ಫ್ರೆಂಚರಿಗೆ. ಪುದುಚೇರಿ, ಮಾಹೆ ಫ್ರೆಂಚರಿಗೆ. ಇನ್ನು ಹಿಂದೂಸ್ತಾನದ ಮಿತ್ರರು? ಅವರಿಗೂ ಒಂದು ಕಲಮು ಇದೆ: ಈ ಶಾಂತಿಗೆ ಅವರನ್ನೂ ಕರೆಯುವುದು, ತಿಳಿಸಿದ ನಾಲ್ಕು ತಿಂಗಳೊಳಗೆ ಒಪ್ಪದಿದ್ದರೆ ಅವರಿಗೆ ಸಹಾಯ ಬಂದ್. ಅಷ್ಟೆ. ಮಂಗಳೂರಿನ ಮಳೆಯಲ್ಲಿ ನೆನೆದ ನಮ್ಮ ಸಿಪಾಯಿಯ ಮೂರು ತಿಂಗಳು ಸಕ್ಕರೆ ದ್ವೀಪಗಳ ಕೊಡುಕೊಳ್ಳುವಿಕೆಯ ಕೆಳಗೆ ಒಂದು ಸಾಲು. ಸೇಂಟ್ ಕಿಟ್ಸಿನ ಗುಲಾಮನನ್ನೂ ಯಾರೂ ಕೇಳಲಿಲ್ಲ, ಬಿಡಿ.

ಟಿಪ್ಪು ಇದರಿಂದ ಪಾಠ ಕಲಿತನೇ? ಪೂರ್ತಿ ಕಲಿಯಲಿಲ್ಲ ಅನ್ನುವುದು ನನ್ನ ಅಭಿಪ್ರಾಯ. 1784ರಲ್ಲಿ ಕಟ್ಟಿಸಿದ ದರಿಯಾ ದೌಲತ್ತಿನ ಗೋಡೆಯ ಮೇಲೆ 1780ರ ಪೊಳ್ಳಿಲೂರಿನ ಕಾಳಗದ ದೊಡ್ಡ ಚಿತ್ರವಿದೆಯಲ್ಲ, ಅದರಲ್ಲಿ ದುರ್ಬೀನು ಹಿಡಿದು ಕೂತ ಫ್ರೆಂಚಿನವನು ಲಾಲಿ. ಕೈಬಿಟ್ಟು ಹೋದವರ ಕಡೆಯವನನ್ನೂ ಮನೆಯ ಗೋಡೆಯ ಮೇಲೆ ಇಟ್ಟುಕೊಂಡ. 1788ರಲ್ಲಿ ಅವನ ರಾಯಭಾರಿಗಳು ವರ್ಸೇಯಲ್ಲಿ ಹದಿನಾರನೆಯ ಲೂಯಿಯನ್ನು ಕಂಡರು. ತಂದದ್ದು ಕೆಲವು ಕುಶಲಕರ್ಮಿಗಳನ್ನು, ಸೈನ್ಯವನ್ನಲ್ಲ. 1798ರ ಜನವರಿಯಲ್ಲಿ ಫ್ರೆಂಚರ ಕೈಲಿದ್ದ ಮಾರಿಷಸ್ ದ್ವೀಪದಲ್ಲಿ ಗವರ್ನರ್ ಮಾಲಾರ್ತಿಕ್ ಬಹಿರಂಗ ಘೋಷಣೆ ಹೊರಡಿಸಿದ: ಟಿಪ್ಪು ನೆರವು ಕೇಳಿದ್ದಾನೆ, ಬರುವವರು ಬನ್ನಿ ಅಂತ. ಗುಟ್ಟಿನಲ್ಲಿ ಇರಬೇಕಾದದ್ದನ್ನು ಡಂಗುರ ಹೊಡೆಸಿದ ಹಾಗಾಯಿತು. ಬಂದವರು ಸುಮಾರು ನೂರು ಜನ! ವೆಲ್ಲೆಸ್ಲಿಗೆ ಬೇಕಾಗಿದ್ದದ್ದೂ ಆ ಘೋಷಣೆಯ ಕಾಗದವೇ, ನೂರು ಜನರಲ್ಲ. ಕೈರೋದಿಂದ ನೆಪೋಲಿಯನ್ ಟಿಪ್ಪುವಿಗೆ ಬರೆದ ಪತ್ರ ದಾರಿಯಲ್ಲೇ ಇಂಗ್ಲಿಷರ ಕೈ ಸೇರಿತು. 1799ರ ಮೇ 4ರ ಮಧ್ಯಾಹ್ನ, ಕಾವೇರಿಯಲ್ಲಿ ನೀರು ಕಡಿಮೆಯಿದ್ದಾಗ, ಇಂಗ್ಲಿಷ್ ಸೈನ್ಯ ಹೊಳೆ ದಾಟಿ ಒಡೆದ ಗೋಡೆ ಹತ್ತಿತು. ಸಂಜೆಗೆ ಎಲ್ಲ ಮುಗಿದಿತ್ತು.

ಶ್ರೀರಂಗಪಟ್ಟಣದಲ್ಲಿ 1797ರಲ್ಲಿ ಫ್ರೆಂಚರ ಜಾಕೋಬಿನ್ ಕ್ಲಬ್ ಇತ್ತು, ಸ್ವಾತಂತ್ರ್ಯದ ಮರ ನೆಟ್ಟರು, ಸುಲ್ತಾನ "ನಾಗರಿಕ ಟಿಪ್ಪು" ಆದ ಎಂಬುದನ್ನು ನಮ್ಮ ಎಡಪಂಥೀಯ ಗೆಳೆಯರು ಬಹಳ ಪ್ರೀತಿಯಿಂದ ಹೇಳುತ್ತಾರೆ. ಆ ಕಾಗದಗಳನ್ನು ಅಚ್ಚು ಹಾಕಿಸಿದವರು ಗೆದ್ದ ಇಂಗ್ಲಿಷರು. ಅದರ ಸಾಚಾತನವನ್ನೇ ಅನುಮಾನಿಸುವ ಇತಿಹಾಸಕಾರರಿದ್ದಾರೆ. ಪ್ರೀತಿ ಇರಲಿ, ಆದರೆ ಸ್ವಲ್ಪ ತಡೆದು.

ಇನ್ನು ಪುಣೆಯ ಮಾತು. ಫ್ರೆಂಚ್ ಕಾರ್ಡು ಮೊದಲು ಆಡಿದ್ದು ಶ್ರೀರಂಗಪಟ್ಟಣವೊಂದೇ ಅಂದುಕೊಂಡರೆ ತಪ್ಪು. 1777ರಲ್ಲಿ ಸೇಂಟ್ ಲ್ಯುಬಿನ್ ಎಂಬ ಸಾಹಸಿ ತಾನು ಫ್ರೆಂಚ್ ದೊರೆಯ ರಾಯಭಾರಿ ಎಂದು ಇಲ್ಲಿಗೆ ಬಂದ. ನಾನಾ ಫಡ್ನವೀಸ ಅವನನ್ನು ಮರ್ಯಾದೆಯಿಂದ ಬರಮಾಡಿಕೊಂಡ. ಇಂಗ್ಲಿಷರ ಪ್ರತಿನಿಧಿ ಮಾಸ್ಟಿನ್ ಇದೇ ಊರಿನಲ್ಲಿ ಕೂತು ಹೊಟ್ಟೆಕಿಚ್ಚಿನಿಂದ ಮುಂಬಯಿಗೆ ವರದಿ ಬರೆದ. ನಾನಾನ ಜಾಣತನ ಮೆಚ್ಚಬೇಕು: ರಘುನಾಥರಾಯನಿಗೆ ಆಸರೆ ಕೊಟ್ಟ ಇಂಗ್ಲಿಷರನ್ನು ಹೆದರಿಸಲು ಫ್ರೆಂಚಿನವನನ್ನು ಜಗಲಿಯ ಮೇಲೆ ಕೂರಿಸಿದ, ಕೆಲಸವಾದ ಮೇಲೆ 1778ರಲ್ಲಿ ಕಳಿಸಿಬಿಟ್ಟ. ಇಂಗ್ಲಿಷರು ಹೆದರಿದರು, ದಂಡೆತ್ತಿ ಬಂದರು, 1779ರ ಜನವರಿಯಲ್ಲಿ ವಡಗಾವಿನಲ್ಲಿ ಸೋತು ಕಾಗದ ಬರೆದುಕೊಟ್ಟರು. ಲೋಣಾವಳದ ಲೋಕಲ್ಲಿನಲ್ಲಿ ಹೋಗುವಾಗ ವಡಗಾವ್ ಸ್ಟೇಷನ್ ಬರುತ್ತದಲ್ಲ, ಅದೇ ಊರು.

ಆದರೆ ಮುಂದೆ? 1780ರಲ್ಲಿ ಹೈದರನ ಜೊತೆ ಕೂಡಿ ಇಂಗ್ಲಿಷರ ಮೇಲೆ ಬಿದ್ದ ಪುಣೆ 1782ರಲ್ಲಿ ಸಾಲ್ಬಾಯಿಯಲ್ಲಿ ತನ್ನ ಪಾಡಿಗೆ ರಾಜಿ ಮಾಡಿಕೊಂಡಿತು. ಮಂಗಳೂರಿನಲ್ಲಿ ಫ್ರೆಂಚರು ಮಾಡಿದ್ದನ್ನು ಒಂದು ವರ್ಷ ಮೊದಲೇ ಪುಣೆ ಮಾಡಿತ್ತು. 1790ರ ಜೂನ್ 1ರಂದು ಇಂಗ್ಲಿಷ್ ರೆಸಿಡೆಂಟ್ ಮ್ಯಾಲೆಟ್ ಇಲ್ಲಿ ಒಪ್ಪಂದಕ್ಕೆ ಸಹಿ ಹಾಕಿಸಿದ. ಆ ದರ್ಬಾರಿನ ಚಿತ್ರವನ್ನು ಥಾಮಸ್ ಡೇನಿಯಲ್ ಬರೆದಿದ್ದಾನೆ, ಎಲ್ಲರೂ ಬಹಳ ಸಂತೋಷವಾಗಿದ್ದಾರೆ. ಆ ಸಹಿಯ ಬೆಲೆ ತೆತ್ತದ್ದು ಧಾರವಾಡ. ಪರಶುರಾಮಭಾವು ಪಟವರ್ಧನ ಮತ್ತು ಕ್ಯಾಪ್ಟನ್ ಲಿಟಲ್ ಆರು ತಿಂಗಳಿಗೂ ಹೆಚ್ಚು ಆ ಕೋಟೆಯ ಸುತ್ತ ಬೀಡುಬಿಟ್ಟರು. ಅಷ್ಟು ದೊಡ್ಡ ದಂಡಿಗೆ ಮೇವು, ಜೋಳ, ಕಟ್ಟಿಗೆ ಎಲ್ಲಿಂದ ಬಂದಿರಬೇಕು ಅಂತ ಧಾರವಾಡದ ಕಡೆಯ ಹುಡುಗರು ಯೋಚಿಸಲಿ. 1791ರಲ್ಲಿ ಪೇಶ್ವೆಯ ದಂಡಿನವರು ಶೃಂಗೇರಿ ಮಠವನ್ನೂ ಲೂಟಿ ಮಾಡಿದರು. 1792ರಲ್ಲಿ ಟಿಪ್ಪು ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ ಮತ್ತು ಒತ್ತೆಯಾಗಿ ಇಬ್ಬರು ಮಕ್ಕಳನ್ನು ಕೊಟ್ಟ. 1799ರಲ್ಲಿ ಪುಣೆ ಸೈನ್ಯ ಕಳಿಸಲಿಲ್ಲ. ಆದರೂ ಸೋದೆ, ಹರಪನಹಳ್ಳಿ ಸೀಮೆಗಳನ್ನು ಶರತ್ತಿನ ಮೇಲೆ ಕೊಡುತ್ತೇವೆ ಎಂದು ಇಂಗ್ಲಿಷರು ಅಂದರು. ಪುಣೆ ಬೇಡವೆಂದಿತು, ಉಳಿದಿಬ್ಬರು ಹಂಚಿಕೊಂಡರು. ಹತ್ತೊಂಬತ್ತು ವರ್ಷದಲ್ಲಿ, 1818ರಲ್ಲಿ, ಪೇಶ್ವೆಯ ರಾಜ್ಯವೂ ಮುಗಿಯಿತು.

ಹಾಗಂತ ಟಿಪ್ಪುವಿಗೆ ಹಾಲಿನಲ್ಲಿ ಕೈ ತೊಳೆಸಬೇಕಾಗಿಲ್ಲ. 1785ರಲ್ಲಿ ನರಗುಂದದ ಮೇಲೆ ಅವನ ದಂಡು ಮಾಡಿದ್ದು ಆ ಕಡೆಯವರಿಗೆ ಗೊತ್ತು. ಮಂಗಳೂರಿನ ರಾಜಿಯಾದ ಮೇಲೆ, ಇಂಗ್ಲಿಷರಿಗೆ ಸಹಾಯ ಮಾಡಿದರೆಂಬ ಗುಮಾನಿಯ ಮೇಲೆ ಕರಾವಳಿಯ ಕ್ರೈಸ್ತರನ್ನು ಸಂಸಾರ ಸಮೇತ ಘಟ್ಟ ಹತ್ತಿಸಿ ಇದೇ ದ್ವೀಪಕ್ಕೆ ಸೆರೆಯಾಗಿ ಒಯ್ದರು. ಎಷ್ಟೋ ಮಂದಿ ತಿರುಗಿ ಬರಲೇ ಇಲ್ಲ. ಅದೇ ಟಿಪ್ಪು ಲೂಟಿಯಾದ ಶೃಂಗೇರಿಗೆ ಹಣ, ಧಾನ್ಯ ಕೊಡಿಸಿ ಸ್ವಾಮಿಗಳಿಗೆ ಕಾಗದ ಬರೆದ. ಎರಡೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ನುಂಗುವವನ ಭಾಷಣಕ್ಕೆ ನಾನು ಚಪ್ಪಾಳೆ ತಟ್ಟಲಾರೆ.

ದ್ವೀಪ ಏನಾಯಿತು? ಇಂಗ್ಲಿಷರು ಅದನ್ನು ಒಡೆಯರಿಗೆ ಕೊಡದೆ ತಾವೇ ಇಟ್ಟುಕೊಂಡರು. ರಾಜಧಾನಿ ಮೈಸೂರಿಗೆ ಹೋಯಿತು. ಮಲೇರಿಯಾ ತಾಳಲಾರದೆ ಇಂಗ್ಲಿಷ್ ದಂಡು 1809ರಲ್ಲಿ ಬೆಂಗಳೂರಿಗೆ ಗಂಟು ಕಟ್ಟಿತು. ಫ್ರೆಂಚರಿಂದ ಆಗದ್ದು ಸೊಳ್ಳೆಯಿಂದಾಯಿತು. ಟಿಪ್ಪುವಿನ ಅರಮನೆಯನ್ನು ಕೆಡವಿದರು, ಅದರ ತೊಲೆಗಳು ಊಟಿಯ ಒಂದು ಚರ್ಚಿನ ಮಾಡು ಹೊತ್ತಿವೆ. ಕೊನೆಗೆ 1881ರಲ್ಲಿ ಬೆಂಗಳೂರು ದಂಡಿನ ಪ್ರದೇಶಕ್ಕೆ ಬದಲಾಗಿ ಈ ದ್ವೀಪವನ್ನು ಮೈಸೂರಿಗೆ ಬಿಟ್ಟರು. ಇಲ್ಲಿಯೂ ಅದಲುಬದಲು.

ಈಗ ನನ್ನ ನಿಜವಾದ ದೂರಿಗೆ ಬರುತ್ತೇನೆ. ಈ ಕಥೆಯನ್ನು ನಾವು "ಇಂಗ್ಲಿಷ್-ಫ್ರೆಂಚ್ ಪೈಪೋಟಿ" ಎಂಬ ತಲೆಬರಹದಡಿ ಓದುತ್ತೇವೆ, ಐದು ಮಾರ್ಕಿಗೆ ಬರೆಯುತ್ತೇವೆ. ಜಗಳ ಅವರದ್ದು, ಮೈದಾನ ನಮ್ಮದು, ಸಾಕ್ಷಿಯೂ ಅವರದ್ದೇ. ಆದರೆ ನಮ್ಮ ಕಡೆ ಸಾಕ್ಷಿ ಇಲ್ಲವೆ? ಟಿಪ್ಪು ಶೃಂಗೇರಿಗೆ ಬರೆದ ಕಾಗದಗಳು ಕನ್ನಡದಲ್ಲಿವೆ, ರೀ! 1916ರಲ್ಲಿ ಆರ್. ನರಸಿಂಹಾಚಾರ್ಯರು ಮಠದ ಕಡತದಲ್ಲಿ ಅವನ್ನು ಕಂಡು ಹೊರತರುವವರೆಗೆ ನೂರು ವರ್ಷ ಕಟ್ಟಿನೊಳಗೇ ಇದ್ದವು. ಪೇಶ್ವೆಯ ದಂಡಿನ ಪಾಪ ಪುಣೆಗೆ ತಿಳಿಯಲು ಒಬ್ಬ ಕನ್ನಡ ಪಂಡಿತ ಬೇಕಾಯಿತು.

ಇನ್ನೊಂದು ಕಡೆಯ ಕಾಗದ ನಾವಿರುವ ಊರಿನಲ್ಲೇ ಇದೆ: ಪೇಶ್ವೆ ದಫ್ತರ. ಗೋ. ಸ. ಸರದೇಸಾಯಿಯವರು ಅದರಿಂದ ಆಯ್ದು 45 ಸಂಪುಟ ಅಚ್ಚು ಹಾಕಿಸಿದರು. ಅಚ್ಚಾಗದ್ದು ಇನ್ನೂ ರುಮಾಲಿನಲ್ಲಿ ಕಟ್ಟಿದ ಹಾಗೇ ಇದೆ. ಕರ್ನಾಟಕದ ಮೇಲೆ ಬಂದ ದಂಡುಗಳ ಪತ್ರಗಳು, ಖರ್ಚು, ಜಮಾ, ಎಲ್ಲ ಮೋಡಿ ಲಿಪಿಯಲ್ಲಿ. ಮರಾಠಿ ಹುಡುಗರು ಓದುತ್ತಾರೆ, ಅವರ ಪ್ರಶ್ನೆ ಅವರಿಗೆ. ಯಾವ ಹಳ್ಳಿಯಿಂದ ಎಷ್ಟು ಮೇವು ಹೋಯಿತು, ಯಾವ ಗೌಡ ಓಡಿಹೋದ ಎಂಬ ಪ್ರಶ್ನೆ ಕೇಳಬೇಕಾದವರು ನಾವು. ಮರಾಠಿ ನಮಗೆ ಬರುತ್ತದೆ. ಮೆಸ್ಸಿನಲ್ಲಿ ಜಗಳ ಆಡುವಷ್ಟು ಚೆನ್ನಾಗಿ ಬರುತ್ತದೆ. ಬಾರದ್ದು ಲಿಪಿ ಮಾತ್ರ. ನಮ್ಮ ಅಜ್ಜಂದಿರಲ್ಲಿ ಎಷ್ಟೋ ಜನ ಕುಲಕರ್ಣಿಕೆ ಲೆಕ್ಕವನ್ನು ಅದೇ ಲಿಪಿಯಲ್ಲಿ ಬರೆದವರು. ಪುಣೆಯಲ್ಲಿ ಕಲಿಸುವವರೂ ಇದ್ದಾರೆ.

ಸಂಘ ಈ ವರ್ಷ ಇನ್ನೊಂದು ಟಿಪ್ಪು-ಪೇಶ್ವೆ ಚರ್ಚಾಸ್ಪರ್ಧೆ ಇಡುವ ಬದಲು ಆ ದುಡ್ಡಿನಲ್ಲಿ ನಾಲ್ಕು ಜನರನ್ನು ಮೋಡಿ ಕಲಿಯಲು ಕಳಿಸಲಿ. ಧಾರವಾಡದ ಮುತ್ತಿಗೆಯ ಕಾಗದಗಳಿಂದ ಶುರು ಮಾಡೋಣ ಅಂತ ನನ್ನ ಸೂಚನೆ. ನರಗುಂದದವರು ಮೊದಲು ನರಗುಂದದ್ದೇ ನೋಡಬೇಕು ಅಂತ ಹಟ ಹಿಡಿದರೆ ನನ್ನ ಅಡ್ಡಿಯಿಲ್ಲ.