ಮನೆವಾರ್ತೆ: ಗಡಸು ನೀರು, ಹುಣಿಸೆ ಹಣ್ಣು, ಜೋಳದ ಚೀಲ

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವವರಿಗೆ ನಡುದಾರಿಯಲ್ಲಿ ಮಸ್ಕಿ ಸಿಕ್ಕುವುದಷ್ಟೆ. ಈ ಮೂರು ಊರುಗಳಲ್ಲಿಯೂ ನಂಟರ ಮನೆಗಳುಳ್ಳವರು ಒಂದು ಸಂಗತಿಯನ್ನು ಕಂಡೇ ಇರುವರು. ಒಂದೇ ಅಂಗಡಿಯಿಂದ ತಂದ ಒಂದೇ ಸಾಬೂನು ಕಾಲುವೆ ನೀರಿನ ಮನೆಯಲ್ಲಿ ಹಾಲಿನಂತೆ ನೊರೆ ಬಿಡುವುದು. ಕೊಳವೆಬಾವಿ ನೀರಿನ ಮನೆಯಲ್ಲಿ ಒಡೆದ ಮೊಸರಿನಂತೆ ಗಂಟುಗಟ್ಟಿ ಬಟ್ಟೆಗೆ ಅಂಟುವುದು. ಹಂಡೆಯ ಒಳಗೆಲ್ಲ ಬಿಳಿಯ ಹಕ್ಕಳೆ ಕಟ್ಟುವುದೂ ಈ ಎರಡನೆಯ ಮನೆಯಲ್ಲಿಯೇ. ಇಂಥ ಮನೆಗೆ ಹೊಸದಾಗಿ ಬಂದ ಸೊಸೆಯ ಕೈಯನ್ನು ದೂರುವ ಮುಂಚೆ ಅತ್ತೆಯಾದವಳು ಆ ಮನೆಯ ನೀರನ್ನು ನೋಡತಕ್ಕದ್ದು.

ತುಂಗಭದ್ರೆಯ ಅಣೆಕಟ್ಟು 1953ರಲ್ಲಿ ಮುಗಿದು ಎಡದಂಡೆಯ ಕಾಲುವೆ ಹರಿದ ಮೇಲೆ ಸಿಂಧನೂರಿನ ಸೀಮೆಯಲ್ಲಿ ಜೋಳದ ಹೊಲಗಳು ಎಷ್ಟೋ ಕಡೆ ಬತ್ತದ ಗದ್ದೆಗಳಾದುವು. ಹೊಳೆಯ ನೀರು ಮೆದು. ಕಲ್ಲು ಮಣ್ಣುಗಳ ನಡುವೆ ಇಳಿದು ನೆಲದಾಳದಲ್ಲಿ ನಿಂತ ನೀರಾದರೋ ಸುಣ್ಣ, ಮೆಗ್ನೀಸಿಯಮ್ ಮುಂತಾದುವುಗಳ ಲವಣಗಳನ್ನು ಕರಗಿಸಿಕೊಂಡು ಮೇಲೆ ಬರುವುದು. ನಮ್ಮ ಹೆಂಗಸರು ಇದನ್ನು ಒಟ್ಟಾರೆ ಸವಳು ನೀರೆಂದು ಕರೆಯುವರು. ಕಾಯಿಸಿದಾಗ ಇದರ ಸುಣ್ಣವು ಬೇರ್ಪಟ್ಟು ಪಾತ್ರೆಗೆ ಹತ್ತುತ್ತದೆ, ಹಕ್ಕಳೆಯೆಂದರೆ ಇದೇ.

ಹಕ್ಕಳೆಗೆ ಮದ್ದು ಹುಳಿ. ಇದಕ್ಕಾಗಿ ಹಣ ತೆತ್ತು ಏನನ್ನೂ ತರಬೇಕಾಗಿಲ್ಲ. ಸಾರಿಗೆ ಹಿಂಡಿ ಉಳಿದ ಹುಣಿಸೆಯ ಹಿಪ್ಪೆಯನ್ನೂ, ರಸ ತೆಗೆದ ನಿಂಬೆಯ ಹೋಳುಗಳನ್ನೂ ಎಸೆಯದೆ ಒಂದು ಗಡಿಗೆಯಲ್ಲಿ ಎರಡು ದಿನ ಕೂಡಿಹಾಕಿರಿ. ಅವನ್ನು ಬಿಸಿ ನೀರಿನೊಡನೆ ಪಾತ್ರೆಯಲ್ಲಿ ಅರ್ಧ ಗಂಟೆ ನೆನೆಯಬಿಟ್ಟು ತೆಂಗಿನ ನಾರಿನಿಂದ ತಿಕ್ಕಿದರೆ ಹಕ್ಕಳೆ ಸಣ್ಣಗೆ ಗುಳ್ಳೆಯೆದ್ದು ಬಿಡುವುದು. ನಲ್ಲಿಯ ಮೂತಿ ಕಟ್ಟಿದ್ದರೆ ನಿಂಬೆಯ ರಸದಲ್ಲಿ ತೊಯ್ಸಿದ ಬಟ್ಟೆಯನ್ನು ರಾತ್ರಿ ಅದಕ್ಕೆ ಸುತ್ತಿ, ಬೆಳಗ್ಗೆ ತೊಳೆಯಿರಿ. ತಾಮ್ರದ ಹಂಡೆಗೂ ಹಿತ್ತಾಳೆಯ ಕೊಡಕ್ಕೂ ಹುಣಿಸೆಯೊಡನೆ ಚಿಟಿಕೆ ಉಪ್ಪು ಸೇರಿದರೆ ಸಾಕು. ಆದರೆ ಕೂಡಲೇ ತೊಳೆದು ಒರಸತಕ್ಕದ್ದು, ಇಲ್ಲವಾದರೆ ಮರುದಿನವೇ ಮಂಕಾಗುವುದು. ಕಲಾಯಿಯಿಲ್ಲದ ತಾಮ್ರದಲ್ಲಿ ಮಜ್ಜಿಗೆಯನ್ನಾಗಲಿ ಹುಳಿ ಪದಾರ್ಥವನ್ನಾಗಲಿ ಇಡಕೂಡದೆಂಬುದನ್ನು ಬೇರೆ ಹೇಳಬೇಕಿಲ್ಲ. ರೊಟ್ಟಿಯ ಕಬ್ಬಿಣದ ಹಂಚಿಗೆ ಮಾತ್ರ ಹುಳಿಯ ಸೋಂಕೇ ಬೇಡ. ಅದನ್ನು ಹರಳುಪ್ಪಿನಿಂದ ತಿಕ್ಕಿ, ಒಣಗಿಸಿ, ಒಂದು ಹನಿ ಎಣ್ಣೆ ಸವರಿ ಇಟ್ಟರಾಯಿತು.

ಇಲ್ಲಿ ಒಂದು ಎಚ್ಚರಿಕೆ. ರಾಯಚೂರು ಜಿಲ್ಲೆಯ ಅನೇಕ ಹಳ್ಳಿಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಎಂಬ ಅಂಶವೂ ಉಂಟು. ನೀರನ್ನು ಕಾಯಿಸಿ ಹಕ್ಕಳೆ ಇಳಿಸಿದೆವು, ಆದುದರಿಂದ ಕುಡಿಯಲು ಶುದ್ಧವಾಯಿತು ಎಂದು ಕೆಲವರು ನಂಬಿರುವರು. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಇನ್ನಿಷ್ಟು ದಟ್ಟವಾಗುವುದು. ಕುಡಿಯುವ ನೀರನ್ನು ಪರೀಕ್ಷೆ ಮಾಡಿಸಿಯೇ ತಿಳಿಯಬೇಕು.

ಹುಳಿಯ ಗುಣವನ್ನು ಇಷ್ಟು ಹೊಗಳಿದ ನಾನೇ ಒಮ್ಮೆ ಅದರಿಂದ ಪೆಟ್ಟು ತಿಂದುದನ್ನು ಹೇಳದಿದ್ದರೆ ತಪ್ಪಾದೀತು. ನಮ್ಮ ನಡುಮನೆಗೆ ಹಾಸಿರುವುದು ಶಹಾಬಾದಿನ ಕಲ್ಲು. ಈ ಸೀಮೆಯ ಮನೆಗಳಲ್ಲಿ ಅದು ಸಾಮಾನ್ಯ. ಹಬ್ಬದ ಮುನ್ನಾದಿನ ಕಲೆಯೊಂದು ಕಣ್ಣಿಗೆ ಬಿದ್ದು, ಹಂಡೆಗೆ ಹಿಡಿದ ಮದ್ದು ಕಲ್ಲಿಗೂ ಹಿಡಿದೀತೆಂದು ನಿಂಬೆ ಹಿಂಡಿ ತಿಕ್ಕಿದೆ. ಕಲೆಯೇನೋ ಹೋಯಿತು, ಅದರೊಡನೆ ಕಲ್ಲಿನ ಹೊಳಪೂ ಹೋಗಿ ಅಂಗೈಯಗಲದ ಬಿಳಿಯ ಮಚ್ಚೆ ನಿಂತಿತು. ಇಂದಿಗೂ ಅದರ ಮೇಲೆ ಚಾಪೆ ಹಾಸಿರುತ್ತೇವೆ. ಶಹಾಬಾದಿನ ಕಲ್ಲು ಸುಣ್ಣದ ಕಲ್ಲು. ಹಕ್ಕಳೆಯನ್ನು ತಿನ್ನುವ ಹುಳಿ ಅದನ್ನೂ ತಿನ್ನುವುದು. ಅಂಗಡಿಯ ಆಸಿಡ್ ಇನ್ನೂ ಬೇಗ ತಿನ್ನುವುದು. ಇಂಥ ನೆಲಕ್ಕೆ ಬರಿಯ ನೀರು, ಬಹಳವಾದರೆ ಸ್ವಲ್ಪ ಸಾಬೂನಿನ ನೀರು ಸಾಕು.

ಜಿಡ್ಡಿಗೆ ಬೂದಿ. ಕಟ್ಟಿಗೆಯ ಬೂದಿಯಲ್ಲಿ ಕ್ಷಾರವಿರುವುದರಿಂದ ಅದು ಎಣ್ಣೆಯನ್ನು ಹಿಡಿದು ಬಿಡಿಸುತ್ತದೆ. ಸಿಂಧನೂರಿನ ಕಡೆ ಅಕ್ಕಿಯ ಗಿರಣಿಗಳಿಂದ ಹೊಟ್ಟಿನ ಬೂದಿ ಧಾರಾಳವಾಗಿ ಸಿಕ್ಕುವುದು. ಆದರೆ ಅದರ ಬಹುಭಾಗ ಸಿಲಿಕಾ, ಎಂದರೆ ಮರಳಿನದೇ ಜಾತಿ. ಕರಿ ಹಿಡಿದ ಪಾತ್ರೆಯ ತಳಕ್ಕೆ ಅದು ಬಲು ಚೆನ್ನ. ಗಾಜಿಗೂ ಬೆಳ್ಳಿಗೂ ಕಪ್ಪು ಲೇಪದ ತವೆಗಳಿಗೂ ಗೀರು ಬೀಳಿಸುವುದು. ಎರಡನ್ನೂ ಜರಡಿ ಹಿಡಿದು, ನೀರು ಚಿಮುಕಿಸಿಯೇ ಬಳಸಿರಿ. ಒಣ ಬೂದಿಯ ಧೂಳು ಎದೆಗೆ ಒಳ್ಳೆಯದಲ್ಲ.

ಬಟ್ಟೆಯ ವಿಷಯಕ್ಕೆ ಬರೋಣ. ಗಡಸು ನೀರಿನಲ್ಲಿ ನೂಲಿನ ಬಟ್ಟೆ ಒಗೆಯಬೇಕಾದರೆ ಒಂದು ಬಕೀಟು ನೀರಿಗೆ ಒಂದು ಚಮಚ ಒಗೆಯುವ ಸೋಡಾ ಹಾಕಿ ಕದಡಿ, ಅರ್ಧ ಗಂಟೆ ಬಿಟ್ಟು, ತಳದಲ್ಲಿ ಕೂತ ಬಿಳಿಯ ಗಸಿಯನ್ನು ಬಿಟ್ಟು ತಿಳಿಯನ್ನು ಬಗ್ಗಿಸಿಕೊಳ್ಳಿರಿ. ಆಮೇಲೆ ಸಾಬೂನು ಅರ್ಧ ಸಾಕಾಗುವುದು. ಆದರೆ ನಮ್ಮ ಕಡೆಯ ಪೆಟ್ಟಿಗೆಗಳಲ್ಲಿ ಇಳಕಲ್ಲಿನ ಸೀರೆ ಇಲ್ಲದ ಮನೆ ಯಾವುದು? ಅದರ ಸೆರಗು ರೇಷ್ಮೆಯದಾದರೆ ಸೋಡಾ ತಗುಲಲೇ ಕೂಡದು. ಅದಕ್ಕೆ ಅಂಟುವಾಳದ ಕಾಯಿಯೇ ತಕ್ಕದ್ದು. ಬೀಜ ತೆಗೆದ ಎಂಟು ಹತ್ತು ಸಿಪ್ಪೆಗಳನ್ನು ರಾತ್ರಿ ನೆನೆಯಿಟ್ಟು ಬೆಳಗ್ಗೆ ಕಿವಿಚಿ ಸೋಸಿದರೆ, ಆ ನೊರೆ ಸವಳು ನೀರಿನಲ್ಲಿಯೂ ಸಾಬೂನಿನಂತೆ ಒಡೆಯದು. ತಣ್ಣೀರಿನಲ್ಲಿ, ಬೇರೆ ಬಟ್ಟೆಗಳಿಂದ ಪ್ರತ್ಯೇಕವಾಗಿ ಒಗೆದು ನೆರಳಿನಲ್ಲಿ ಹರವಿರಿ.

ಮಳೆಗಾಲದ ಎರೆಮಣ್ಣಿನ ಕಾಟವನ್ನು ಬಲ್ಲವರೇ ಬಲ್ಲರು. ಕಾಲಿಗೆ ಹತ್ತಿದರೆ ಚಪ್ಪಲಿಯನ್ನೇ ಕಳೆದುಕೊಂಡು ಬರುವಂಥ ಮಣ್ಣದು. ಹಸಿಯದನ್ನು ಉಜ್ಜಿದಷ್ಟೂ ಅದು ನೂಲಿನೊಳಗೆ ಇಳಿಯುವುದು. ಪೂರಾ ಒಣಗಬಿಟ್ಟು ಕೊಡವಿದರೆ ತಾನಾಗಿ ಉದುರುವುದು. ಹೊಸ್ತಿಲ ಹೊರಗೆ ಒಂದು ಹಳೆಯ ಗೋಣಿತಾಟನ್ನು ಹಾಸಿ, ಪಕ್ಕದಲ್ಲಿ ಒಂದು ಚರಗಿ ನೀರಿಟ್ಟಿರಿ.

ಬಚ್ಚಲಿನ ಮಾತನ್ನು ಒಂದೇ ವಾಕ್ಯದಲ್ಲಿ ಮುಗಿಸುತ್ತೇನೆ: ಆಸಿಡ್ಡನ್ನೂ ಬ್ಲೀಚಿಂಗ್ ಪುಡಿಯನ್ನೂ ಎಂದಿಗೂ ಒಟ್ಟಿಗೆ ಸುರಿಯಕೂಡದು, ಅವುಗಳಿಂದ ಹುಟ್ಟುವ ಕ್ಲೋರೀನ್ ಮುಚ್ಚಿದ ಬಚ್ಚಲಿನಲ್ಲಿ ಉಸಿರು ಕಟ್ಟಿಸುವುದು.

ಇನ್ನು ಉಗ್ರಾಣ. ಇಷ್ಟು ಹೊತ್ತು ಹೇಳಿದುದರಲ್ಲಿ ಏನು ತಪ್ಪಿದರೂ ಒಂದು ಪಾತ್ರೆಯೋ ಒಂದು ಸೀರೆಯೋ ಕೆಟ್ಟೀತು. ಇಲ್ಲಿ ತಪ್ಪಿದರೆ ಆಗುವ ನಷ್ಟವೇ ಬೇರೆ. ನುಸಿ ಬಿದ್ದ ಜೋಳದ ಚೀಲವನ್ನು ಕಂಡೊಡನೆ ಯಾರಾದರೊಬ್ಬರು ಗುಳಿಗೆಯ ಮಾತನ್ನು ಎತ್ತುವರು. ಅಲ್ಯೂಮಿನಿಯಂ ಫಾಸ್ಫೈಡ್ ಎಂಬ ಆ ಗುಳಿಗೆಯು ಗಾಳಿಯ ತೇವ ತಗುಲಿದೊಡನೆ ಫಾಸ್ಫೀನ್ ಎಂಬ ವಿಷಾನಿಲವನ್ನು ಬಿಡುವುದು. ಅದು ಗೋದಾಮುಗಳಲ್ಲಿ ತರಬೇತಾದವರು ಬಳಸತಕ್ಕ ವಸ್ತು. ನಮ್ಮಲ್ಲಿ ಬಹಳ ಮನೆಗಳಿಗೆ ಉಗ್ರಾಣವೆಂಬ ಪ್ರತ್ಯೇಕ ಕೋಣೆಯೇ ಇಲ್ಲ. ಚೀಲಗಳ ಮಗ್ಗುಲಿನಲ್ಲಿಯೇ ಮಕ್ಕಳ ಹಾಸಿಗೆ. ರಾತ್ರಿ ಚೀಲದಲ್ಲಿ ಗುಳಿಗೆಯಿಟ್ಟು ಕದವಿಕ್ಕಿ ಮಲಗಿದ ಮನೆಯಲ್ಲಿ ಬೆಳಗ್ಗೆ ಎಲ್ಲರೂ ಏಳದೆ ಹೋಗಬಹುದು. ಆ ವಿಷಕ್ಕೆ ಪ್ರತಿವಿಷವಿಲ್ಲ. ಮನೆಯಲ್ಲಿ ಬೆಳ್ಳುಳ್ಳಿ ಅಥವಾ ಕೊಳೆತ ಮೀನಿನಂಥ ವಾಸನೆ ಹಬ್ಬಿ, ವಾಂತಿ, ಎದೆ ಬಿಗಿತ ತೋರಿದರೆ ಎಲ್ಲರನ್ನೂ ಮೊದಲು ಬಯಲಿಗೆ ಕರೆತಂದು, ತಡಮಾಡದೆ ಆಸ್ಪತ್ರೆಗೆ ಸೇರಿಸಿ, ಗುಳಿಗೆಯ ಹೆಸರನ್ನು ವೈದ್ಯರಿಗೆ ಹೇಳತಕ್ಕದ್ದು.

ಹಾಗಾದರೆ ನುಸಿಗೆ ಏನು ಮಾಡುವುದು? ನಮ್ಮ ಹಿರಿಯರು ಜೋಳವನ್ನು ಹಗೇವಿನಲ್ಲಿ ತುಂಬಿ ಬಾಯನ್ನು ಮಣ್ಣಿನಿಂದ ಮೆತ್ತುತ್ತಿದ್ದುದು ಸುಮ್ಮನೆ ಅಲ್ಲ. ಒಳಗಿನ ಗಾಳಿಯಲ್ಲಿದ್ದ ಪ್ರಾಣವಾಯುವನ್ನು ಕಾಳೂ ಹುಳುವೂ ಉಸಿರಾಡಿ ಮುಗಿಸಿದ ಮೇಲೆ ಹುಳು ತಾನಾಗಿ ಸಾಯುತ್ತಿತ್ತು. ಹಗೇವನ್ನು ತೆರೆದವರು ಕೂಡಲೇ ಇಳಿಯದೆ ಗಾಳಿಯಾಡಲು ಬಿಡುತ್ತಿದ್ದುದೂ ಇದೇ ಕಾರಣದಿಂದ. ಇಂದು ಹಗೇವು ಇಲ್ಲದಿದ್ದರೂ ಬಿಗಿಯಾದ ಮುಚ್ಚಳದ ಡಬ್ಬಿಯುಂಟು. ಅದನ್ನು ಕಂಠಮಟ್ಟ ತುಂಬಿ, ಮುಚ್ಚಳದ ಸಂದಿಗೆ ಹಿಟ್ಟು ಮೆತ್ತಿದರೆ ಅದೇ ಕೆಲಸವಾಗುವುದು. ಅರ್ಧ ತುಂಬಿದ ಡಬ್ಬಿಯಲ್ಲಿ ಹುಳುವಿಗೆ ಬೇಕಾದಷ್ಟು ಗಾಳಿ ಉಳಿಯುವುದರಿಂದ, ದಿನಬಳಕೆಯದನ್ನು ಸಣ್ಣ ಡಬ್ಬಿಯಲ್ಲಿ ಬೇರೆಯಾಗಿಡಿರಿ.

ತುಂಬುವ ಮುಂಚೆ ಜೋಳವನ್ನು ಬಿಸಿಲಿಗೆ ಹಾಕಿ, ಹಲ್ಲಿನಲ್ಲಿ ಕಡಿದರೆ ಕಟ್ಟೆಂದು ಒಡೆಯುವಷ್ಟು ಒಣಗಿಸಬೇಕು. ನಮ್ಮ ಬೇಸಗೆಯ ಬಿಸಿಲು ಬೇರೆ ಯಾವುದಕ್ಕೆ ಉಪಯೋಗವಾಗದಿದ್ದರೂ ಇದಕ್ಕಾದರೂ ಆಗಲಿ. ಅಕ್ಕಿಯನ್ನು ಮಾತ್ರ ನೆರಳಿನಲ್ಲಿ ಹರವಿರಿ, ಬಿಸಿಲಿಗೆ ಅದು ಬಿರಿಯುವುದು. ಬೇವಿನ ಸೊಪ್ಪನ್ನು ಹಾಕುವವರು ಹಸಿಯದನ್ನು ಹಾಕಿ, ಬೂಸಲು ಬಂದ ಮೇಲೆ ಬೇವನ್ನು ಬೈಯುವರು. ನೆರಳಿನಲ್ಲಿ ಗರಿಗರಿಯಾಗಿ ಒಣಗಿದುದನ್ನೇ ಹಾಕಬೇಕು. ತೊಗರಿ, ಕಡಲೆ, ಹೆಸರುಗಳಿಗೆ ಕಿಲೋ ಒಂದಕ್ಕೆ ಒಂದು ಸಣ್ಣ ಚಮಚ ಅಡಿಗೆಯ ಎಣ್ಣೆಯನ್ನು ಅಂಗೈಯಲ್ಲಿ ಸವರಿ ಕಲಸಿದರೆ ಹುಳು ಅದರ ಮೇಲೆ ಇಟ್ಟ ಮೊಟ್ಟೆ ಬಾಳದು. ಚೀಲಗಳನ್ನು ನೆಲಕ್ಕೆ ಇಡದೆ ಹಲಗೆಯ ಮೇಲೆ, ಗೋಡೆಯಿಂದ ಒಂದು ಅಡಿ ಬಿಟ್ಟು ಜೋಡಿಸಿದರೆ ತೇವವೂ ಏರದು, ಇಲಿಯ ಓಡಾಟವೂ ಕಣ್ಣಿಗೆ ಬೀಳುವುದು.

ಕೊನೆಯದಾಗಿ ಮನೆಯ ಯಜಮಾನರಲ್ಲಿ ಒಂದು ವಿಜ್ಞಾಪನೆ. ಹತ್ತಿಗೂ ಬತ್ತಕ್ಕೂ ಹೊಡೆಯುವ ಔಷಧದ ಬಾಟಲಿಗಳು ಬರಿದಾದ ಮೇಲೆ ನೋಡಲು ಗಟ್ಟಿಮುಟ್ಟಾಗಿರುವುದರಿಂದ, ಎಷ್ಟೋ ಮನೆಗಳಲ್ಲಿ ಅವು ಎಣ್ಣೆಗೋ ನೀರಿಗೋ ಒದಗುತ್ತವೆ. ಎಷ್ಟು ತೊಳೆದರೂ ಆ ಪ್ಲಾಸ್ಟಿಕ್ಕಿನಲ್ಲಿ ವಿಷ ಉಳಿಯುವುದು. ಹೊಲದಲ್ಲಿಯೇ ಮೂರು ಸಲ ಗಲಬರಿಸಿ, ಆ ನೀರನ್ನು ಸಿಂಪಡಿಸುವ ಯಂತ್ರಕ್ಕೇ ಸುರಿದು, ಬಾಟಲಿಗೆ ತೂತು ಹಾಕಿಬಿಡಿರಿ. ತುಂಬಿದ ಬಾಟಲಿಗಳಿಗೆ ಅಡಿಗೆಮನೆಯ ನಾಗೊಂದಿಗೆಯಲ್ಲಾಗಲಿ ಚೀಲಗಳ ಹಿಂದಾಗಲಿ ಸ್ಥಳವಿಲ್ಲ; ಮನೆಯ ಹೊರಗೆ ಒಂದು ಪೆಟ್ಟಿಗೆ, ಅದಕ್ಕೊಂದು ಬೀಗ, ಬೀಗದ ಕೈ ಮಕ್ಕಳಿಗೆ ಎಟುಕದ ಮೊಳೆಯ ಮೇಲೆ.